ಬೀಜದ ಗುಣವೋ, ಹೊಲದ ಗುಣವೋ

ಗಂಟು ಬೆಳೆದ ಮಾತ್ರಕ್ಕೆ ಕ್ಯಾನ್ಸರ್ ಆಗುವುದಿಲ್ಲ. ತಾನು ಹುಟ್ಟಿದ ಪದರದ ಎಲ್ಲೆಯನ್ನು ಮುರಿದು ಪಕ್ಕದ ಅಂಗಾಂಶದೊಳಗೆ ಇಳಿದಾಗ ಅದಕ್ಕೆ ಆ ಹೆಸರು ಪೂರ್ತಿಯಾಗಿ ಸಲ್ಲುತ್ತದೆ. ಬಾಯಿ, ಸ್ತನ, ಕರುಳು, ಗರ್ಭಕೊರಳು ಇವುಗಳ ಮೈಯನ್ನು ಹೊದಿಸಿರುವ ಜೀವಕೋಶಗಳು ಒಂದು ತೆಳುವಾದ ತಳಪೊರೆಯ ಮೇಲೆ ಕುಳಿತಿರುತ್ತವೆ. ಲ್ಯಾಮಿನಿನ್ ಮತ್ತು ನಾಲ್ಕನೇ ಬಗೆಯ ಕೊಲಾಜನ್ ಎಂಬ ಪ್ರೋಟೀನುಗಳಿಂದ ನೇಯ್ದ ಪೊರೆ ಅದು. ದಪ್ಪ ಬಹುಪಾಲು ಕಡೆ ಒಂದು ಮೈಕ್ರಾನಿಗಿಂತಲೂ ಕಡಿಮೆ. ಪೊರೆಯ ಕೆಳಗೆ ಮೊದಲನೇ ಬಗೆಯ ಕೊಲಾಜನ್ನಿನ ಹುರಿಗಳು, ರಕ್ತನಾಳಗಳು, ಆ ಹುರಿಗಳನ್ನು ಹೊಸೆಯುವ ಫೈಬ್ರೊಬ್ಲಾಸ್ಟ್ ಕೋಶಗಳು ಇರುತ್ತವೆ. ಹದಗೆಟ್ಟ ಕೋಶಗಳು ಪೊರೆಯ ಮೇಲ್ಗಡೆಯೇ ಉಳಿದಿರುವಷ್ಟು ದಿನ ಕತ್ತರಿಸಿ ತೆಗೆದರೆ ರೋಗ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಪೊರೆ ಹರಿದ ಮೇಲೆ ಅದೇ ಕೋಶಗಳಿಗೆ ರಕ್ತದ ದಾರಿಯೂ ದುಗ್ಧರಸದ ದಾರಿಯೂ ಸಿಗುತ್ತವೆ.

ಈ ದಾಟುವಿಕೆಯನ್ನು ಹಳಬರು ಕಣ್ಣಳತೆಯಲ್ಲೇ ಗುರುತಿಸಿದ್ದರು. ಗಂಟಿನಿಂದ ಸುತ್ತಲೂ ಚಾಚಿದ ರಕ್ತನಾಳಗಳು ಏಡಿಯ ಕಾಲುಗಳಂತೆ ಕಂಡದ್ದರಿಂದ ಗ್ರೀಕರು ಅದನ್ನು ಏಡಿ ಎಂದು ಕರೆದರು. ಕನ್ನಡದ ಪಠ್ಯಪುಸ್ತಕಗಳ ಏಡಿಗಂತಿ ಎಂಬ ಮಾತು ಬಂದದ್ದು ಅಲ್ಲಿಂದ. ಸುಶ್ರುತ ಸಂಹಿತೆ ಅರ್ಬುದ ಎನ್ನುತ್ತದೆ, ಮೊದಲಿದ್ದಲ್ಲೇ ಮತ್ತೆ ಹುಟ್ಟುವುದನ್ನು ಅಧ್ಯರ್ಬುದ ಎಂದು, ಜೋಡಿಯಾಗಿ ಏಳುವುದನ್ನು ದ್ವಿರರ್ಬುದ ಎಂದು ಬೇರೆ ಬೇರೆ ಹೆಸರಿಡುತ್ತದೆ. ಹೆಸರಿಟ್ಟವರು ಯಾರೂ ಬಿಡಿಸದೆ ಹೋದ ಪ್ರಶ್ನೆ ಒಂದಿದೆ: ಎಲ್ಲೆ ದಾಟುವ ಈ ಕೆಲಸ ಯಾರದು? ಕೆಟ್ಟ ಕೋಶದ ಸ್ವಭಾವವೇ ಅದನ್ನು ಮಾಡಿಸುತ್ತದೆಯೇ, ಸುತ್ತಲಿನ ಅಂಗಾಂಶ ದಾರಿ ಬಿಟ್ಟುಕೊಟ್ಟದ್ದರಿಂದ ಅದು ನಡೆಯುತ್ತದೆಯೇ, ಅಥವಾ ರೋಗಿಯ ಹಿಂದಿನ ಯಾವುದೋ ಕರ್ಮ ಹೀಗೆ ಫಲ ಕೊಡುತ್ತಿದೆಯೇ? ಮೂರನೆಯ ಪ್ರಶ್ನೆಯನ್ನು ಪ್ರಯೋಗಾಲಯ ಕೇಳುವುದಿಲ್ಲ. ಆಸ್ಪತ್ರೆಯ ಹೊರಗಿನ ಕಟ್ಟೆಯ ಮೇಲೆ ಕುಳಿತವರು ಕೇಳುವುದು ಅದನ್ನೇ. ಮೊದಲೆರಡಕ್ಕೆ ಸಿಕ್ಕ ಉತ್ತರ ಮೂರನೆಯದರ ಮೇಲೂ ಬೆಳಕು ಬೀರುತ್ತದೆ.

ಹುಬ್ಬಳ್ಳಿ ತಾಲ್ಲೂಕಿನ ಸುಳ್ಳದಂಥ ಎರಿ ಭೂಮಿಯ ಊರಿನಲ್ಲಿ ಈ ಪ್ರಶ್ನೆಯ ಒಕ್ಕಲುತನದ ರೂಪ ಎಲ್ಲರಿಗೂ ಗೊತ್ತಿರುವಂಥದು. ಕರಿಕೆ ಹುಲ್ಲು ಬದುವಿನ ಮೇಲೆ ಇರುವವರೆಗೆ ಅದರಿಂದ ಉಪಕಾರವೇ ಹೆಚ್ಚು: ಮಣ್ಣು ಹಿಡಿಯುತ್ತದೆ, ದನಕ್ಕೆ ಮೇವಾಗುತ್ತದೆ, ಗಣಪತಿಗೂ ಏರುತ್ತದೆ. ಬದು ದಾಟಿ ಹೊಲಕ್ಕೆ ಇಳಿಯಿತೆಂದರೆ ನೆಲದೊಳಗಿನ ಗೆಣ್ಣು ಗೆಣ್ಣಿನಲ್ಲೂ ಬೇರು ಬಿಟ್ಟು, ಬೇಸಿಗೆಯಲ್ಲಿ ಎರಿ ಮಣ್ಣು ಬಿರಿದ ಸೀಳುಗಳ ಆಳಕ್ಕೂ ಇಳಿದು, ಕುಂಟಿಗೆ ಬಗ್ಗದೆ ಉಳಿಯುತ್ತದೆ. ಕತ್ತರಿಸಿದರೆ ತುಂಡುಗಳೆಲ್ಲ ಬೇರೆ ಬೇರೆ ಗಿಡಗಳಾಗುತ್ತವೆ. ಹಾಗಾದರೆ ತಪ್ಪು ಹುಲ್ಲಿನದೋ, ನಾಲ್ಕು ವರ್ಷ ಬೀಳು ಬಿಟ್ಟ ಹೊಲದ್ದೋ? ಹೊಲದವರು ಎರಡನ್ನೂ ಬೈಯುತ್ತಾರೆ. ಅದರಲ್ಲಿ ಮೇಲ್ನೋಟಕ್ಕೆ ಕಾಣುವುದಕ್ಕಿಂತ ಹೆಚ್ಚಿನ ತತ್ತ್ವಶಾಸ್ತ್ರವಿದೆ.

ವೈದ್ಯಶಾಸ್ತ್ರಕ್ಕೂ ಈ ಹೋಲಿಕೆ ಹೊಸದಲ್ಲ. ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ 1889ರಲ್ಲಿ, ಸ್ತನ ಕ್ಯಾನ್ಸರಿನಿಂದ ಸತ್ತ 735 ಹೆಂಗಸರ ಮರಣೋತ್ತರ ದಾಖಲೆಗಳನ್ನು ಒಟ್ಟುಹಾಕಿ ನೋಡಿದ. ರಕ್ತ ಎಲ್ಲ ಅಂಗಗಳಿಗೂ ಹರಿಯುತ್ತದೆ, ಆದರೂ ಕ್ಯಾನ್ಸರ್ ಹೋಗಿ ನೆಲೆಸುವುದು ಯಕೃತ್ತು, ಮೂಳೆಗಳಂಥ ಕೆಲವೇ ಕಡೆ. ಬೀಜ ಎಲ್ಲ ದಿಕ್ಕಿಗೂ ಹಾರಬಹುದು, ಒಗ್ಗುವ ನೆಲದಲ್ಲಿ ಮಾತ್ರ ಮೊಳೆಯುತ್ತದೆ ಎಂಬುದು ಅವನ ವಾದ. ಅವನ ನಂತರದ ಹಲವು ದಶಕಗಳು ಬೀಜವನ್ನೇ ಬಗೆದು ನೋಡುವುದರಲ್ಲಿ ಕಳೆದವು. ನೆಲದ ಕಡೆ ಕಣ್ಣು ಹೊರಳಿದ್ದು ತೀರ ತಡವಾಗಿ.

ಜೀವಂತ ದೇಹದೊಳಗೆ ಕೋಶಗಳು ಪೊರೆ ದಾಟುವುದನ್ನು ಕುಳಿತು ನೋಡುವುದು ಕಷ್ಟ. ಅದಕ್ಕಾಗಿ ಪ್ರಯೋಗಾಲಯಗಳು ದೇಹದ ಒಂದು ತುಣುಕನ್ನು ಹೊರಗೆ ಕಟ್ಟಿಕೊಳ್ಳುತ್ತವೆ. ಅದನ್ನೇ ಮಾದರಿ ಎನ್ನುವುದು. ಅವುಗಳಲ್ಲಿ ಸರಳವಾದದ್ದಕ್ಕೆ ಸ್ಟೀಫನ್ ಬಾಯ್ಡನ್ 1962ರಲ್ಲಿ ರೂಪಿಸಿದ ಎರಡು ಅಂಕಣದ ಪಾತ್ರೆಯೇ ಮೂಲ. ಮೇಲಿನ ಅಂಕಣಕ್ಕೂ ಕೆಳಗಿನದಕ್ಕೂ ನಡುವೆ ಸಣ್ಣ ರಂಧ್ರಗಳ ಜರಡಿ. ಅವನು ಅದನ್ನು ಮಾಡಿದ್ದು ಬಿಳಿ ರಕ್ತಕಣಗಳ ಚಲನೆ ನೋಡಲು. ಮುಂದೆ ಕ್ಯಾನ್ಸರ್ ಸಂಶೋಧಕರು 8 ಮೈಕ್ರಾನ್ ರಂಧ್ರಗಳ ಜರಡಿಯ ಮೇಲೆ ತಳಪೊರೆಯನ್ನು ಹೋಲುವ ಲೋಳೆಯನ್ನು ಬಳಿದರು. ಕೆಳಗೆ ಕೋಶಗಳಿಗೆ ಬೇಕಾದ ಪೋಷಕ ದ್ರವ, ಮೇಲೆ ಹಸಿದ ಕೋಶಗಳು. ಒಂದೆರಡು ದಿನದ ನಂತರ ಜರಡಿಯ ತಳದಲ್ಲಿ ಎಷ್ಟು ಕೋಶಗಳು ಅಂಟಿವೆ ಎಂದು ಎಣಿಸಿದರೆ ಆ ಕೋಶಗಳ ದಾಟುವ ಶಕ್ತಿ ತಿಳಿಯುತ್ತದೆ.

ಆ ಲೋಳೆಯ ಮೂಲವೂ ಕುತೂಹಲದ್ದೇ. ಮ್ಯಾಟ್ರಿಜೆಲ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಅದನ್ನು ಇಲಿಯ ಒಂದು ಬಗೆಯ ಸಾರ್ಕೋಮಾ ಗಡ್ಡೆಯಿಂದ ತೆಗೆಯುತ್ತಾರೆ. ಕ್ಯಾನ್ಸರ್ ಕೋಶ ಆರೋಗ್ಯವಂತ ಪೊರೆಯನ್ನು ಹೇಗೆ ದಾಟುತ್ತದೆಂದು ನೋಡಲು ಬಳಸುವ ಪೊರೆ, ಇನ್ನೊಂದು ಪ್ರಾಣಿಯ ಕ್ಯಾನ್ಸರ್ ನೇಯ್ದದ್ದು. ಈ ಪ್ರಯೋಗಗಳಲ್ಲಿ ಬಳಕೆಯಾಗುವ ಕೋಶಗಳದೂ ಒಂದು ಕಥೆಯಿದೆ. ಎಂಡಿಎ-ಎಂಬಿ-231 ಎಂಬ ಸ್ತನ ಕ್ಯಾನ್ಸರ್ ಕೋಶವಂಶ 1973ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ 51 ವರ್ಷದ ಒಬ್ಬ ರೋಗಿಯ ಎದೆಗೂಡಿನಲ್ಲಿ ತುಂಬಿದ ನೀರಿನಿಂದ ಹುಟ್ಟಿತು. ಇವತ್ತು ಜಗತ್ತಿನ ನೂರಾರು ಪ್ರಯೋಗಾಲಯಗಳಲ್ಲಿ ಅದು ವಿಭಜನೆಗೊಳ್ಳುತ್ತಲೇ ಇದೆ. ಅವಯವಗಳಿಂದ ಬೇರೆಯಾದ ಅವಯವಿ ಒಂದಿದೆ ಎಂದು ವಾದಿಸಿದ ನೈಯಾಯಿಕರಿಗೆ, ಅವಯವಿ ಹೋದ ಮೇಲೂ ಅವಯವ ಬದುಕಿರುವ ಈ ಸ್ಥಿತಿಯನ್ನು ತೋರಿಸಿದ್ದರೆ ಏನೆನ್ನುತ್ತಿದ್ದರೋ.

ಜರಡಿಯ ಮಾದರಿಗೆ ದೊಡ್ಡ ಕೊರತೆಯೊಂದಿದೆ. ಅಲ್ಲಿ ಕೋಶಗಳು ಒಂದೊಂದಾಗಿ ದಾಟುತ್ತವೆ. ದೇಹದಲ್ಲಿ ಅವು ಗುಂಪಾಗಿ, ಎಳೆಯಾಗಿ, ಬೆರಳಿನಾಕಾರದಲ್ಲಿ ಚಾಚುವುದೂ ಉಂಟು. ಅದಕ್ಕಾಗಿ ಕೋಶಗಳನ್ನು ಚೆಂಡಿನಂತೆ ಉಂಡೆ ಕಟ್ಟಿಸಿ, ಆ ಉಂಡೆಯನ್ನು ಕೊಲಾಜನ್ ಜೆಲ್ಲಿನೊಳಗೆ ಹುದುಗಿಸಿ, ಸುತ್ತಲೂ ಏನಾಗುತ್ತದೆಂದು ಸೂಕ್ಷ್ಮದರ್ಶಕದಲ್ಲಿ ಗಂಟೆಗಟ್ಟಲೆ ಚಿತ್ರ ತೆಗೆಯುವ ಪದ್ಧತಿ ಬಂದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಮ್‌ರಾಯ್ ಭಟ್ ಅವರ ತಂಡ 2019ರಲ್ಲಿ ಪ್ರಕಟಿಸಿದ ಕೆಲಸ ಇದನ್ನು ಒಂದು ಹೆಜ್ಜೆ ಮುಂದೆ ಒಯ್ದಿತು. ಸ್ತನ ಕ್ಯಾನ್ಸರ್ ಕೋಶಗಳ ಉಂಡೆಗೆ ಮೊದಲು ಲ್ಯಾಮಿನಿನ್ ತುಂಬಿದ ಪೊರೆಯ ಹೊದಿಕೆ, ಅದರ ಹೊರಗೆ ಕೊಲಾಜನ್ನಿನ ಹುರಿಗಳು: ದೇಹದಲ್ಲಿ ಕೋಶ ಯಾವ ಕ್ರಮದಲ್ಲಿ ಎಲ್ಲೆಗಳನ್ನು ಎದುರಿಸುತ್ತದೋ ಅದೇ ಕ್ರಮದಲ್ಲಿ ಈ ಮಾದರಿಯಲ್ಲೂ ಎದುರಿಸುತ್ತದೆ. ಒಂದೇ ಉಂಡೆಯಿಂದ ಕೆಲವು ಕೋಶಗಳು ಗುಂಪಾಗಿ, ಕೆಲವು ಒಂಟಿಯಾಗಿ ಹೊರಬಿದ್ದವು. ಪ್ರಯೋಗದ ಜೊತೆಗೆ ಗಣಕದಲ್ಲೂ ಅದೇ ಆಟವನ್ನು ಆಡಿಸಿ ನೋಡಿದ ತಂಡ, ಹೊರಬೀಳುವ ಬಗೆ ತೀರ್ಮಾನವಾಗುವುದು ಪೊರೆ ಕರಗಿಸುವ ಕಿಣ್ವ ಮತ್ತು ಅದನ್ನು ತಡೆಯುವ ಪ್ರೋಟೀನು ಹೇಗೆ ಹರಡುತ್ತವೆ, ಕೋಶ ತನ್ನ ಸುತ್ತಲಿನ ಜಾಲವನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಎಂಬ ಎರಡರ ಕೂಡಾಟದಲ್ಲಿ ಎಂದು ಕಂಡುಕೊಂಡಿತು. ಕೋಶದ ಗುಣವೊಂದನ್ನೇ ಹಿಡಿದು ಹೊರಟರೆ ಈ ನಡೆಯನ್ನು ವಿವರಿಸಲಾಗುವುದಿಲ್ಲ.

ದಾಟುವ ಕ್ರಿಯೆಯ ಒಳಗುಟ್ಟನ್ನು ಹತ್ತಿರದಿಂದ ನೋಡಿದಷ್ಟೂ ಈ ಮಾತು ಗಟ್ಟಿಯಾಗುತ್ತದೆ. ಮೊದಲಿಗೆ ಕೋಶ ನೆರೆಹೊರೆಯ ಕೋಶಗಳಿಗೆ ತನ್ನನ್ನು ಬೆಸೆದಿದ್ದ ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನನ್ನು ಕಳೆದುಕೊಳ್ಳುತ್ತದೆ ಅಥವಾ ಸಡಿಲಿಸುತ್ತದೆ. ಕೆಳಗಿನ ಪೊರೆಯನ್ನು ಒತ್ತುವ ಸಣ್ಣ ಚಾಚುಗಾಲುಗಳು ಮೂಡುತ್ತವೆ. ಅವುಗಳ ತುದಿಯಲ್ಲಿ ಮ್ಯಾಟ್ರಿಕ್ಸ್ ಮೆಟಾಲೊಪ್ರೋಟಿನೇಸ್ ಎಂಬ ಕಿಣ್ವಗಳು ಪೊರೆಯನ್ನು ಕಡಿಯುತ್ತವೆ. ಈ ಕಿಣ್ವಗಳ ಕುಟುಂಬ ಮೊದಲು ಪತ್ತೆಯಾದದ್ದು ಕ್ಯಾನ್ಸರಿನಲ್ಲಲ್ಲ. 1962ರಲ್ಲಿ ಜೆರೋಮ್ ಗ್ರಾಸ್ ಮತ್ತು ಚಾರ್ಲ್ಸ್ ಲಾಪಿಯೇರ್ ಅದನ್ನು ಕಂಡದ್ದು ಕಪ್ಪೆಮರಿಯ ಬಾಲದಲ್ಲಿ. ಮರಿ ಕಪ್ಪೆಯಾಗುವಾಗ ಬಾಲ ಕರಗಬೇಕು, ಕರಗಿಸುವುದು ಇದೇ ಕಿಣ್ವ. ಕಪ್ಪೆ ಕಪ್ಪೆಯಾಗಲು ಬೇಕಾದದ್ದೇ ಕ್ಯಾನ್ಸರಿನ ಕೈಯಲ್ಲಿ ಬದು ಒಡೆಯುವ ಗುದ್ದಲಿಯಾಗುತ್ತದೆ.

ಗುದ್ದಲಿಯನ್ನು ಕಸಿದುಕೊಂಡರೆ ದಾಟುವುದು ನಿಲ್ಲಬೇಕಲ್ಲ? ಆ ನಂಬಿಕೆಯ ಮೇಲೆಯೇ 1990ರ ದಶಕದಲ್ಲಿ ಈ ಕಿಣ್ವಗಳನ್ನು ಕಟ್ಟಿಹಾಕುವ ಮದ್ದುಗಳು ಬಂದವು. ಮಾರಿಮಸ್ಟಾಟ್ ಅವುಗಳಲ್ಲಿ ಹೆಸರಾದದ್ದು. ಪ್ರಯೋಗಾಲಯದಲ್ಲಿ ಚೆನ್ನಾಗಿಯೇ ಕೆಲಸ ಮಾಡಿದ ಇಂಥ ಮದ್ದುಗಳು ಮುಂದುವರಿದ ಕ್ಯಾನ್ಸರಿನ ರೋಗಿಗಳಲ್ಲಿ ನಿರೀಕ್ಷಿಸಿದ ಫಲ ಕೊಡಲಿಲ್ಲ. ಕಾರಣಗಳು ಹಲವು; ಅವುಗಳಲ್ಲಿ ಒಂದನ್ನು 2003ರಲ್ಲಿ ಕಟರೀನಾ ವೋಲ್ಫ್ ಮತ್ತು ಪೀಟರ್ ಫ್ರೀಡ್ಲ್ ಜೆಲ್ಲಿನೊಳಗೆ ತೋರಿಸಿದರು. ಕಿಣ್ವಗಳನ್ನು ತಡೆದಾಗ ಕೋಶಗಳು ನಿಲ್ಲಲಿಲ್ಲ. ಉದ್ದನೆಯ ಆಕಾರ ಬಿಟ್ಟು ಗುಂಡಗಾಗಿ, ಅಮೀಬಾದಂತೆ ಮೈ ಹಿಂಡಿಕೊಂಡು, ಹುರಿಗಳ ನಡುವಿನ ಸಂದಿಗಳಲ್ಲಿ ನುಸುಳಿ ಹೋದವು. ಕಡಿಯಲಾಗದಿದ್ದರೆ ನುಸುಳು ಎಂಬ ಲೆಕ್ಕ. ಅದಕ್ಕೂ ಮಿತಿಯಿದೆ: ಕೋಶದ ಉಳಿದ ಮೈ ಎಷ್ಟೇ ಬಾಗಿದರೂ ಕೋಶಕೇಂದ್ರ ಗಟ್ಟಿ. ಸಂದಿಯ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 7 ಚದರ ಮೈಕ್ರಾನಿಗಿಂತ ಕಿರಿದಾದರೆ ಕ್ಯಾನ್ಸರ್ ಕೋಶ ಕಡಿಯದೆ ಮುಂದೆ ಹೋಗಲಾರದು ಎಂದು ಅದೇ ಸಂಶೋಧಕರು 2013ರಲ್ಲಿ ಅಳೆದರು. ಎಲ್ಲ ಚತುರತೆಯ ಕೊನೆಗೆ ತಡೆಯುವುದು ಗಾಡಿಯ ಅಗಲಕ್ಕೂ ಓಣಿಯ ಅಗಲಕ್ಕೂ ಇರುವ ಸಂಬಂಧ.

ಇಲ್ಲಿ ಒಂದು ತರ್ಕದ ಮಾತನ್ನು ಹೇಳಲೇಬೇಕು. ನುಸುಳುವ ಕೋಶಗಳ ಈ ಕಥೆಯನ್ನು ಮಿಶಿಗನ್ನಿನ ಸ್ಟೀಫನ್ ವೈಸ್ ಅವರ ತಂಡ 2009ರಲ್ಲಿ ಪ್ರಶ್ನಿಸಿತು. ಕೊಲಾಜನ್ ಜೆಲ್ ಮಾಡುವಾಗ ಪೆಪ್ಸಿನ್ ಎಂಬ ಕಿಣ್ವ ಬಳಸಿ ತೆಗೆದ ಕೊಲಾಜನ್ನಿಗೆ ತುದಿಯ ತುಣುಕುಗಳು ಹೋಗಿರುತ್ತವೆ. ಆಗ ಹುರಿಗಳ ನಡುವೆ ಬೆಸುಗೆ ಸಡಿಲ. ಅಂಥ ಜೆಲ್ಲಿನಲ್ಲಿ ಕೋಶ ಕಡಿಯದೆ ನುಸುಳುತ್ತದೆ. ತುದಿ ಉಳಿದ, ಬೆಸುಗೆ ಗಟ್ಟಿಯಿರುವ ಕೊಲಾಜನ್ನಿನಲ್ಲಿ ಅದೇ ಕೋಶಕ್ಕೆ ಕಡಿಯದೆ ದಾರಿಯಿಲ್ಲ. ಇಬ್ಬರ ಪ್ರಯೋಗವೂ ಸರಿ, ಜೆಲ್ ಮಾಡಿದ ರೀತಿ ಬೇರೆ. ನ್ಯಾಯಶಾಸ್ತ್ರ ಓದಿದವರಿಗೆ ಇದು ಹಳೆಯ ಪಾಠ. ಬೆಟ್ಟದಲ್ಲಿ ಹೊಗೆ ಕಂಡು ಬೆಂಕಿಯನ್ನು ಊಹಿಸುವವನು ಅಡುಗೆಮನೆಯನ್ನು ದೃಷ್ಟಾಂತವಾಗಿ ಕೊಡುತ್ತಾನೆ, ಅಲ್ಲಿ ಎರಡನ್ನೂ ಜೊತೆಗೆ ಕಂಡಿದ್ದಾನೆ. ಹೊಗೆಯಿದ್ದಲ್ಲೆಲ್ಲ ಬೆಂಕಿ ಎಂಬುದು ನಿಲ್ಲುತ್ತದೆ. ಬೆಂಕಿಯಿದ್ದಲ್ಲೆಲ್ಲ ಹೊಗೆ ಎಂದು ತಿರುಗಿಸಿದರೆ ನಿಲ್ಲುವುದಿಲ್ಲ, ಏಕೆಂದರೆ ಅದಕ್ಕೆ ಹಸಿ ಕಟ್ಟಿಗೆ ಇರಬೇಕು. ಕೆಂಪಗೆ ಕಾದ ಕಬ್ಬಿಣದಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಕಾಣದಂತೆ ಬಂದು ಸೇರಿಕೊಳ್ಳುವ ಈ ಹಸಿ ಕಟ್ಟಿಗೆಗೆ ನೈಯಾಯಿಕರು ಉಪಾಧಿ ಎಂದು ಹೆಸರಿಟ್ಟರು. ಪ್ರಯೋಗಾಲಯ ಕ್ಯಾನ್ಸರ್ ಶಾಸ್ತ್ರದ ಅಡುಗೆಮನೆ, ರೋಗಿಯ ದೇಹವೇ ಬೆಟ್ಟ. ಪೆಪ್ಸಿನ್ ತಾಗಿದ ಕೊಲಾಜನ್ ಒಂದು ಉಪಾಧಿ. ಚಪ್ಪಟೆ ಪ್ಲಾಸ್ಟಿಕ್ ತಟ್ಟೆ ಇನ್ನೊಂದು. ರೋಗನಿರೋಧಕ ಕೋಶಗಳಿಲ್ಲದ ಜೆಲ್ ಮತ್ತೊಂದು. ಮಾದರಿ ಸುಳ್ಳು ಹೇಳುವುದಿಲ್ಲ. ಅದು ತನ್ನ ಅಡುಗೆಮನೆಯ ಮಾತನ್ನು ಮಾತ್ರ ಹೇಳುತ್ತದೆ. ಕ್ಯಾನ್ಸರಿಗೆ ಮದ್ದು ಸಿಕ್ಕಿತು ಎಂದು ತಿಂಗಳಿಗೊಮ್ಮೆ ತಲೆಬರಹ ಕೊಡುವ ಪತ್ರಿಕೆಗಳು ಈ ಉಪಾಧಿ ಪ್ರಕರಣವನ್ನು ಒಮ್ಮೆ ಓದುವುದು ಒಳ್ಳೆಯದು.

ಮತ್ತೆ ಬೀಜ-ಹೊಲಗಳ ಕಡೆಗೆ. ಬೀಜದ ಪಕ್ಷಕ್ಕೆ ಸಾಕ್ಷಿ ಬೇಕಾದಷ್ಟಿದೆ: ಜೀನುಗಳಲ್ಲಿ ಬದಲಾವಣೆಯಾಗದೆ ಸಾಮಾನ್ಯವಾಗಿ ಕ್ಯಾನ್ಸರ್ ಹುಟ್ಟುವುದಿಲ್ಲ, ಒಂದೇ ಜೆಲ್ಲಿನಲ್ಲಿ ಆರೋಗ್ಯವಂತ ಸ್ತನಕೋಶ ಶಿಸ್ತಿನ ಗುಂಡುಗಳನ್ನು ಕಟ್ಟಿಕೊಂಡು ಕೂರುತ್ತದೆ, ಕ್ಯಾನ್ಸರ್ ಕೋಶ ಅಡ್ಡಾದಿಡ್ಡಿ ಹರಡುತ್ತದೆ. ಹೊಲದ ಪಕ್ಷದ ಸಾಕ್ಷಿ ಅದಕ್ಕಿಂತ ವಿಚಿತ್ರ. ಬಿಯಾಟ್ರಿಸ್ ಮಿಂಟ್ಸ್ ಮತ್ತು ಕಾರ್ಲ್ ಇಲ್ಮೆನ್ಸೀ 1975ರಲ್ಲಿ ಇಲಿಯ ಟೆರಾಟೊಕಾರ್ಸಿನೋಮಾ ಎಂಬ ಕ್ಯಾನ್ಸರಿನ ಕೋಶಗಳನ್ನು ಇಲಿಯ ಎಳೆ ಭ್ರೂಣದೊಳಗೆ ಇಟ್ಟರು. ಹುಟ್ಟಿದ್ದು ಆರೋಗ್ಯವಂತ ಮರಿಗಳು. ಅವುಗಳ ಅಂಗಾಂಶಗಳಲ್ಲಿ ಆ ಕ್ಯಾನ್ಸರ್ ಕೋಶಗಳ ಸಂತಾನವೇ ನೆಟ್ಟಗೆ ಕೆಲಸ ಮಾಡುತ್ತಿತ್ತು. ಮೀನಾ ಬಿಸೆಲ್ ಮತ್ತು ಡೇವಿಡ್ ಡೋಲ್ಬರ್ಗ್ 1984ರಲ್ಲಿ ಕೋಳಿಯಲ್ಲಿ ಗಡ್ಡೆ ಎಬ್ಬಿಸುವ ರೌಸ್ ಸಾರ್ಕೋಮಾ ವೈರಸ್ಸನ್ನು ಕೋಳಿಯ ಭ್ರೂಣಕ್ಕೆ ಚುಚ್ಚಿದರು. ವೈರಸ್ ಒಳಹೊಕ್ಕಿತು, ಗಡ್ಡೆ ಏಳಲಿಲ್ಲ. ಅದೇ ಭ್ರೂಣದ ಕೋಶಗಳನ್ನು ಬಿಡಿಸಿ ತಟ್ಟೆಗೆ ಹಾಕಿದಾಗ ಮಾತ್ರ ಅವು ಕ್ಯಾನ್ಸರ್ ಚಹರೆ ತೋರಿದವು. 1997ರಲ್ಲಿ ಬಿಸೆಲ್ ಅವರ ಪ್ರಯೋಗಾಲಯದಲ್ಲಿ ವ್ಯಾಲರಿ ವೀವರ್ ಮತ್ತು ಸಂಗಡಿಗರು ಸ್ತನ ಕ್ಯಾನ್ಸರ್ ಕೋಶಗಳ ಹೊರಮೈಯಲ್ಲಿ ಸುತ್ತಲಿನ ಜಾಲವನ್ನು ಹಿಡಿಯುವ ಇಂಟಿಗ್ರಿನ್ ಎಂಬ ಕೊಂಡಿಗಳಲ್ಲಿ ಒಂದು ಬಗೆಯನ್ನು ಪ್ರತಿಕಾಯದಿಂದ ಮುಚ್ಚಿದರು. ಜೀನುಗಳು ಕೆಟ್ಟೇ ಇದ್ದವು. ಕೋಶಗಳು ಮಾತ್ರ ಮತ್ತೆ ಶಿಸ್ತಿನ ಗುಂಡುಗಳಾಗಿ ಕುಳಿತವು.

ಹೊಲವೇ ದಾರಿ ತೋರಿಸುವ ಸಂದರ್ಭವೂ ಇದೆ. 2007ರಲ್ಲಿ ಲಂಡನ್ನಿನ ಎರಿಕ್ ಸಹಾಯ್ ಅವರ ತಂಡ ಸ್ಕ್ವಾಮಸ್ ಕೋಶದ ಕ್ಯಾನ್ಸರನ್ನು ಫೈಬ್ರೊಬ್ಲಾಸ್ಟುಗಳ ಜೊತೆ ಜೆಲ್ಲಿನಲ್ಲಿ ಬೆಳೆಸಿ ನೋಡಿತು. ಮುಂದೆ ಹೋಗಿ ಕೊಲಾಜನ್ನಿನಲ್ಲಿ ಸುರಂಗ ಕೊರೆದದ್ದು ಫೈಬ್ರೊಬ್ಲಾಸ್ಟ್. ಕ್ಯಾನ್ಸರ್ ಕೋಶಗಳು ಆ ಸುರಂಗದಲ್ಲಿ ಸಾಲುಗಟ್ಟಿ ಹಿಂದೆ ಬಂದವು. ಫೈಬ್ರೊಬ್ಲಾಸ್ಟಿಗೆ ಯಾವ ಜೀನೂ ಕೆಟ್ಟಿರಬೇಕಾಗಿಲ್ಲ. ಅದು ಗಾಯ ಮಾಯಿಸುವ ತನ್ನ ಹಳೆಯ ಕಸುಬನ್ನೇ ತಪ್ಪು ಜಾಗದಲ್ಲಿ ಮಾಡುತ್ತಿರುತ್ತದೆ.

ಹುಬ್ಬಳ್ಳಿ-ಧಾರವಾಡದ ಸೀಮೆಗೆ ಇದರ ಕಣ್ಣೆದುರಿನ ಉದಾಹರಣೆ ಬಾಯಿಯದು. ಎಲಿ-ಅಡಿಕೆ, ಗುಟಕಾ, ತಂಬಾಕು ಅಗಿಯುವವರ ಕೆನ್ನೆಯ ಒಳಮೈ ಕ್ರಮೇಣ ಬಿಳಿಚಿ, ಪಟ್ಟಿ ಪಟ್ಟಿಯಾಗಿ ಬಿಗಿದು, ಬಾಯಿ ಎರಡು ಬೆರಳು ಹಿಡಿಯುವಷ್ಟೂ ತೆರೆಯದಂತಾಗುವ ರೋಗಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಹೆಸರು, ಎಸ್. ಜಿ. ಜೋಶಿ 1953ರಲ್ಲಿ ಭಾರತದಲ್ಲಿ ಅದನ್ನು ವಿವರಿಸಿದರು. ಅಡಿಕೆಯ ಅರೆಕೊಲಿನ್ ಫೈಬ್ರೊಬ್ಲಾಸ್ಟುಗಳನ್ನು ಕೆರಳಿಸಿ ಹೆಚ್ಚು ಕೊಲಾಜನ್ ನೇಯಿಸುತ್ತದೆ. ಅಡಿಕೆಯಲ್ಲಿರುವ ತಾಮ್ರ ಆ ಎಳೆಗಳನ್ನು ಒಂದಕ್ಕೊಂದು ಬೆಸೆಯುವ ಕಿಣ್ವಕ್ಕೆ ಬಲ ಕೊಡುತ್ತದೆ. ಇದು ಕ್ಯಾನ್ಸರ್ ಅಲ್ಲ. ಬೀಜ ಬೀಳುವ ಮೊದಲೇ ಹೊಲ ಕೆಟ್ಟು ನಿಂತಿರುವ ಸ್ಥಿತಿ ಇದು, ಮತ್ತು ಇಂಥ ಬಾಯಿಗಳಲ್ಲಿ ಒಂದು ಪಾಲು ಮುಂದೆ ಕ್ಯಾನ್ಸರಿಗೆ ತಿರುಗುತ್ತದೆ. ತಂಬಾಕು ಸೇರಲಿ ಬಿಡಲಿ, ಅಡಿಕೆ ತಾನೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿಯಾಗಿದೆ. ಕರ್ನಾಟಕದಲ್ಲಿ ಅದನ್ನು ಬಾಯಿಬಿಟ್ಟು ಹೇಳಲು ರಾಜಕಾರಣಿಗಳಿಗೆ ಬಾಯಿ ಬರುವುದಿಲ್ಲ. ಬೆಳೆಗಾರರ ಸಂಖ್ಯೆ ದೊಡ್ಡದು.

ಹೀಗೆ ನೋಡಿದಾಗ ಆಕ್ರಮಣ ಎಂಬ ಪದವೇ ಅನುಮಾನಕ್ಕೆ ಗುರಿಯಾಗುತ್ತದೆ. ಆಕ್ರಮಣಕ್ಕೆ ಒಬ್ಬ ಕರ್ತೃ ಬೇಕು, ಅವನಿಗೊಂದು ಉದ್ದೇಶ ಬೇಕು. ಕೋಶಕ್ಕೆ ಉದ್ದೇಶವಿಲ್ಲ. ಪೊರೆ ದಾಟುವ ಸಾಮರ್ಥ್ಯ ಕ್ಯಾನ್ಸರಿಗೆ ಮೀಸಲಾದದ್ದೂ ಅಲ್ಲ. ಗರ್ಭ ನಿಂತ ಕೆಲವೇ ದಿನಗಳಲ್ಲಿ ಭ್ರೂಣದ ಹೊರಕೋಶಗಳು ತಾಯಿಯ ಗರ್ಭಕೋಶದ ಒಳಪದರವನ್ನು ಕಡಿದು, ಒಳಗಿಳಿದು, ಅವಳ ರಕ್ತನಾಳಗಳನ್ನು ತಲುಪಿ ಮಾಸನ್ನು ಕಟ್ಟುತ್ತವೆ. ಅದೇ ಕಿಣ್ವಗಳು, ಅದೇ ಚಾಚುಗಾಲುಗಳು. ಹಾಗೆ ಇಳಿಯದಿದ್ದರೆ ಯಾವ ಮಗುವೂ ಹುಟ್ಟುತ್ತಿರಲಿಲ್ಲ. ಗಾಯ ಮಾಯುವಾಗ ಚರ್ಮದ ಕೋಶಗಳು ತೆವಳುವುದೂ, ಭ್ರೂಣದಲ್ಲಿ ನರಕೋಶಗಳ ಮೂಲಗಳು ದೂರದ ಜಾಗಗಳಿಗೆ ವಲಸೆ ಹೋಗುವುದೂ ಇದೇ ವಿದ್ಯೆಯ ಬಲದಿಂದ. ಮಾಸಿಗೂ ಕ್ಯಾನ್ಸರಿಗೂ ಇರುವ ವ್ಯತ್ಯಾಸ ಎಲ್ಲಿ ನಿಲ್ಲಬೇಕೆಂಬುದರಲ್ಲಿದೆ: ತಾಯಿಯ ಅಂಗಾಂಶ ಒಂದು ಆಳದಲ್ಲಿ ಸಾಕು ಎನ್ನುತ್ತದೆ, ಭ್ರೂಣದ ಕೋಶ ಕೇಳುತ್ತದೆ. ಅದು ಕೇಳದ ಅಪರೂಪದ ಸಂದರ್ಭಗಳಲ್ಲಿ ಮಾಸು ಗರ್ಭಕೋಶದ ಸ್ನಾಯುವಿಗೇ ಅಂಟಿ ತಾಯಿಯ ಜೀವಕ್ಕೆ ಸಂಚಕಾರ ಬರುತ್ತದೆ.

ಸ್ವಭಾವವೊಂದೇ ಕಾರಣವೆಂಬ ವಾದ ಭಾರತೀಯ ಚಿಂತನೆಯಲ್ಲಿ ಬಹಳ ಹಳೆಯದು. ಶ್ವೇತಾಶ್ವತರ ಉಪನಿಷತ್ತು ಮೊದಲ ಅಧ್ಯಾಯದಲ್ಲೇ ಕಾಲ, ಸ್ವಭಾವ, ನಿಯತಿ, ಆಕಸ್ಮಿಕ, ಪಂಚಭೂತ ಮುಂತಾದವನ್ನು ಜಗತ್ತಿನ ಕಾರಣದ ಸ್ಥಾನಕ್ಕೆ ಒಂದೊಂದಾಗಿ ನಿಲ್ಲಿಸಿ, ಯಾವುದೂ ಸಾಲದೆಂದು ಮುಂದೆ ಹೋಗುತ್ತದೆ. ಜೈನ ತಾರ್ಕಿಕ ಸಿದ್ಧಸೇನ ದಿವಾಕರ ತನ್ನ ಸನ್ಮತಿ ತರ್ಕದಲ್ಲಿ ಈ ಪಟ್ಟಿಯನ್ನು ಬೇರೆ ರೀತಿ ಬಳಸಿದ. ಕಾಲ, ಸ್ವಭಾವ, ನಿಯತಿ, ಹಿಂದೆ ಮಾಡಿದ ಕರ್ಮ, ಪುರುಷಕಾರ ಎಂಬ ಮನುಷ್ಯಯತ್ನ: ಈ ಐದರಲ್ಲಿ ಯಾವ ಒಂದನ್ನು ಹಿಡಿದು ಇದೇ ಕಾರಣ ಎಂದರೂ ಅದು ಮಿಥ್ಯಾದೃಷ್ಟಿ, ಐದನ್ನೂ ಕೂಡಿಸಿ ನೋಡಿದರೆ ಸಮ್ಯಗ್ದೃಷ್ಟಿ. ಅತ್ತಿಮಬ್ಬೆ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ 1007ರಷ್ಟು ಹಿಂದೆಯೇ ಈ ಸೀಮೆಯಲ್ಲಿ ಬೇರೂರಿದ್ದ ಧರ್ಮದ ಮಾತು ಇದು, ಹೊರಗಿನಿಂದ ತಂದದ್ದಲ್ಲ. ಕ್ಯಾನ್ಸರ್ ಪ್ರಯೋಗಾಲಯಗಳು ನೂರು ವರ್ಷಕ್ಕೂ ಹೆಚ್ಚು ಕಾಲ ಒಂದೊಂದೇ ಕಾರಣವನ್ನು ಹಿಡಿದು ಎಳೆದಾಡಿ ಕೊನೆಗೆ ತಲುಪಿರುವ ಜಾಗ ಸಿದ್ಧಸೇನನ ಆ ಮಾತಿಗೆ ತೀರ ಹತ್ತಿರದ್ದು. ವಯಸ್ಸಾದಂತೆ ರೋಗ ಹೆಚ್ಚುವುದರಲ್ಲಿ ಕಾಲವಿದೆ. ಕೋಶದ ಕೆಟ್ಟ ಜೀನಿನಲ್ಲಿ ಸ್ವಭಾವವಿದೆ. ಕೋಶಕೇಂದ್ರ ಹಿಡಿಸದ ಸಂದಿಯಲ್ಲಿ ನಿಯತಿ ಕಾಣುತ್ತದೆ. ಪುರುಷಕಾರಕ್ಕೆ ಗುಟಕಾ ಚೀಟಿಗಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಅಗಿದವನದಷ್ಟೇ ಅಲ್ಲ, ಮಾಡಿದವನ, ಮಾರಿದವನ ಪುರುಷಕಾರವೂ ಅದರಲ್ಲಿದೆ. ಕರ್ನಾಟಕ ಗುಟಕಾವನ್ನು ನಿಷೇಧಿಸಿದ್ದು 2013ರಲ್ಲಿ. ಪಾನ್ ಮಸಾಲೆಯ ಚೀಟಿ ಒಂದು, ತಂಬಾಕಿನ ಚೀಟಿ ಇನ್ನೊಂದು ಎಂದು ಬೇರೆ ಬೇರೆ ಕೊಟ್ಟು ಗಿರಾಕಿಯೇ ಬೆರೆಸಿಕೊಳ್ಳಲೆಂದು ಬಿಡುವ ಉಪಾಯ ಅದರ ಬೆನ್ನಿಗೇ ಬಂದಿತು.

ಉಳಿಯುವುದು ಹಿಂದಿನ ಕರ್ಮ. ಇಲ್ಲಿ ಎರಡು ಮಾತುಗಳು ಕಲಸಿಹೋಗಿವೆ, ಅವನ್ನು ಬಿಡಿಸಬೇಕು. ಕಾರಣ ಒಂದು, ದೋಷ ಇನ್ನೊಂದು. ಹಿಂದಿನದೇನೋ ಇಂದಿನದಕ್ಕೆ ಕಾರಣವಾಗಿದೆ ಎಂದು ಒಪ್ಪಿದ ಮಾತ್ರಕ್ಕೆ ಇಂದು ನರಳುತ್ತಿರುವವನ ಮೇಲೆ ದೋಷ ಹೊರಿಸಿದಂತಾಗುವುದಿಲ್ಲ. ಹುಬ್ಬಳ್ಳಿಯಲ್ಲಿ 1929ರವರೆಗೆ ಬದುಕಿದ್ದ ಸಿದ್ಧಾರೂಢರ ಮಠದಲ್ಲಿ ನಡೆದುಬಂದಿರುವ ಅದ್ವೈತ ಬೋಧೆಯಲ್ಲಿ ಪ್ರಾರಬ್ಧವೆಂಬುದು ಬಿಲ್ಲು ಬಿಟ್ಟ ಬಾಣ. ಜ್ಞಾನ ಬಂದ ಮೇಲೂ ಅದು ತನ್ನ ಗುರಿ ಮುಟ್ಟಿಯೇ ಬೀಳುತ್ತದೆ. ದೇಹ ಅದನ್ನು ಅನುಭವಿಸುತ್ತದೆ. ರೋಗ ಬಂದದ್ದು ಪಾಪದ ಗುರುತು ಎಂದು ಈ ಮಾತಿನಿಂದ ತೆಗೆಯಲು ಬರುವುದಿಲ್ಲ, ಏಕೆಂದರೆ ಜ್ಞಾನಿಯ ದೇಹವೂ ಅದೇ ನಿಯಮಕ್ಕೆ ಒಳಪಟ್ಟಿದೆ. ರಾಮಕೃಷ್ಣ ಪರಮಹಂಸರು 1886ರಲ್ಲಿ ತೀರಿಕೊಂಡದ್ದು ಗಂಟಲಿನ ಕ್ಯಾನ್ಸರಿನಿಂದ. ರಮಣ ಮಹರ್ಷಿಗಳ ಎಡತೋಳಿನಲ್ಲಿ ಕಾಣಿಸಿದ ಗಂಟನ್ನು 1949ರಲ್ಲಿ ಮತ್ತೆ ಮತ್ತೆ ಕತ್ತರಿಸಿ ತೆಗೆದರು. ಅದು ಸಾರ್ಕೋಮಾ, ಕತ್ತರಿಸಿದ ಅಂಚಿನಿಂದಲೇ ಮತ್ತೆ ಬೆಳೆಯಿತು, ಸುಶ್ರುತನ ಅಧ್ಯರ್ಬುದದ ಹಾಗೆ. 1950ರ ಏಪ್ರಿಲ್ 14ರಂದು ಅವರು ದೇಹ ಬಿಟ್ಟರು. ಇವರಿಬ್ಬರ ಪಾಪದ ಲೆಕ್ಕ ತೆಗೆಯುವ ಧೈರ್ಯವಿಲ್ಲದವರಿಗೆ, ನೆರೆಮನೆಯ ಸ್ತನ ಕ್ಯಾನ್ಸರಿನ ಹೆಣ್ಣುಮಗಳ ಲೆಕ್ಕ ತೆಗೆಯುವ ಅಧಿಕಾರವೂ ಇಲ್ಲ. ಕರ್ಮಸಿದ್ಧಾಂತವನ್ನು ಇನ್ನೊಬ್ಬರ ಮೇಲೆ ತೀರ್ಪು ಕೊಡಲು ಬಳಸುವುದು ಆ ಸಿದ್ಧಾಂತದ ದುರುಪಯೋಗ. ಶಾಸ್ತ್ರ ಅದನ್ನು ಕೊಟ್ಟದ್ದು ತನ್ನ ಮುಂದಿನ ನಡೆಯನ್ನು ತಿದ್ದಿಕೊಳ್ಳಲಿಕ್ಕೆ.

ಜೀವಕೋಶದ ಮಟ್ಟದಲ್ಲಂತೂ ಪಾಪಕ್ಕೆ ಜಾಗವೇ ಇಲ್ಲ. ಜೆಲ್ಲಿನೊಳಗೆ ಕಾಣುವುದು ಅಂಟು, ಎಳೆತ, ಕಿಣ್ವ, ಸಂದಿಯ ಅಳತೆ, ನೆರೆಯವರ ಸಂಕೇತ. ಇವುಗಳಲ್ಲಿ ಯಾವುದನ್ನೂ ಒಂಟಿಯಾಗಿ ಕೆಟ್ಟದ್ದೆಂದು ಬೆರಳಿಟ್ಟು ತೋರಿಸಲಾಗದು. ಕೆಡುಕು ಇರುವುದು ಸಂಬಂಧದಲ್ಲಿ, ಬದು ತನ್ನ ಕೆಲಸ ಬಿಟ್ಟಾಗ ಕರಿಕೆಗೂ ಹೊಲಕ್ಕೂ ಏರ್ಪಡುವ ಸಂಬಂಧದಂಥದರಲ್ಲಿ. ಸಂಬಂಧವನ್ನು ಕೆಡಿಸಿದವರು ಇದ್ದರೆ ಹೊಣೆ ಅವರದು. ಚೀಟಿ ಮಾರುವವರ ಹೊಣೆ ಈ ವಾದದಿಂದ ಕರಗುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ. ಹೊಲವನ್ನು ಕೆಡಿಸಿದ್ದು ಅವರೇ.

ಆಸ್ಪತ್ರೆಯಲ್ಲಿ ಈ ತರ್ಕಕ್ಕೆಲ್ಲ ಒಂದು ಅಳತೆಗೋಲು ಬಂದಿದೆ. ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಯಿರಲಿ, ಬೆಂಗಳೂರಿನ ಕಿದ್ವಾಯಿ ಇರಲಿ, ಬಾಯಿಯಿಂದ ಕತ್ತರಿಸಿ ತೆಗೆದ ತುಣುಕು ಪರೀಕ್ಷಕರ ಮುಂದೆ ಬಂದಾಗ ಅವರು ಮೊದಲು ನೋಡುವುದು ತಳಪೊರೆ ಹರಿದಿದೆಯೇ ಎಂದು, ಆಮೇಲೆ ಹರಿದಲ್ಲಿಂದ ಎಷ್ಟು ಆಳಕ್ಕೆ ಕೋಶಗಳು ಇಳಿದಿವೆ ಎಂದು. 2018ರಿಂದ ಜಾರಿಯಲ್ಲಿರುವ ಹಂತ ನಿರ್ಧಾರದ ಪದ್ಧತಿಯಲ್ಲಿ ಬಾಯಿ ಕ್ಯಾನ್ಸರಿಗೆ ಗಂಟಿನ ಅಗಲದ ಜೊತೆ ಈ ಆಳವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಗಂಟು ಎರಡು ಸೆಂಟಿಮೀಟರಿನ ಒಳಗಿದ್ದು ಆಳ 5 ಮಿಲಿಮೀಟರಿನ ಒಳಗೇ ನಿಂತಿದ್ದರೆ ಅದು ಮೊದಲ ದರ್ಜೆಯ ಗಂಟು. ಅಗಲ ಅಷ್ಟೇ ಇದ್ದು ಆಳ ಆರಕ್ಕೆ ಹೋಗಿದ್ದರೆ ಎರಡನೆಯದು.